ಪಾತ್ರೆಯ ಮೇಲೆ ಹುಲುಗೇಶನ ಹೆಸರು

ಕೊಟ್ಟೂರು ಪೇಟೆಯ ಜಂಬಣ್ಣನವರ ಪಾತ್ರೆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ವಿರಾಜಮಾನರಾಗಿರುವ, ಹೆಸರು ಕೊರೆಯುವ ಮಷೀನ್ ಅವರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯ ಕಲ್ಯಾಣಮ್ಮ ಮಾಡುವ ಅನಂತ ನಮಸ್ಕಾರಗಳು. ಈ ೨೦೦೩ನೇ ಇಸವಿಯಲ್ಲಿ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಹೇಳಲಾಗದಿದ್ದರೂ, ತಮ್ಮ ಸೂಜಿಯ ಆರೋಗ್ಯ ಚೆನ್ನಾಗಿದೆಯೆಂದೂ, ಊರವರ ಚೊಂಬು ಗಂಗಾಳಗಳ ಮೇಲೆ ಗುರ್ರೆಂದು ಬರೆಯುತ್ತ ತಾವು ಸುಖವಾಗಿದ್ದೀರೆಂದೂ ನಂಬಿದ್ದೇನೆ. ನಾನು ಸುಖವಾಗಿಲ್ಲ. ಅದನ್ನೇ ನಾಲ್ಕು ಜನರಿಗೆ ಕೇಳುವಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳಲು ಈ ಪತ್ರ.

ನಾನೂ ಶ್ರೀಮಾನ್ ಹುಲುಗೇಶರವರೂ ಹನ್ನೊಂದು ವರ್ಷ ಒಂದೇ ಸೂರಿನಡಿ ಬಾಳಿದೆವು, ಒಂದೇ ಖಾನಾವಳಿ ನಡೆಸಿದೆವು. ಲಗ್ನ ಮಾತ್ರ ಆಗಲಿಲ್ಲ. ಮನಸ್ಸಿಲ್ಲದೆ ಅಲ್ಲ ಸ್ವಾಮಿ, ಪುರುಸೊತ್ತಿಲ್ಲದೆ. ಪ್ರತಿ ವರ್ಷ ನಮ್ಮ ಖಾನಾವಳಿಯ ಎದುರಿನ ಬಯಲಲ್ಲೇ ನಡೆಯುವ ಊರಿನ ಸಾಮೂಹಿಕ ವಿವಾಹಕ್ಕೆ ನಮ್ಮ ಜೋಡಿಯ ಹೆಸರು ಕೊಡುತ್ತಿದ್ದೆವು. ಆದರೆ ಆ ದಿನ ಬೆಳಕು ಹರಿಯುವುದಕ್ಕೇ ತಂಬ್ರಹಳ್ಳಿಯಿಂದ, ಹಂಪಸಾಗರದಿಂದ ಬಸ್ಸಿಳಿದ ಬೀಗರ ದಂಡು ಒಗ್ಗರಣೆ ಮಂಡಕ್ಕಿಗೂ ಮಿರ್ಚಿಗೂ ನಮ್ಮ ಬಾಗಿಲಲ್ಲೇ ನಿಲ್ಲುತ್ತಿತ್ತು. "ಇವರನ್ನ ಉಪಾಸ ಕಳಿಸಿ ನಾವು ತಾಳಿ ಕಟ್ಕೊಳ್ಳೋದೇನು? ಮುಂದಿನ ವರ್ಷ ನೋಡಾಣ ತಗಾ" ಎಂದು ಹುಲುಗೇಶರವರು ಅನ್ನುತ್ತಿದ್ದರು, ನಾನು ಮೆಣಸಿನಕಾಯಿಯನ್ನು ಎಣ್ಣೆಗೆ ಬಿಡುತ್ತಿದ್ದೆ. ಹೀಗೆ ಹನ್ನೊಂದು ಮುಹೂರ್ತಗಳು ಬಾಣಲೆಯ ಮುಂದೆಯೇ ಕಳೆದುಹೋದವು.

ಇನ್ನು ಪಾತ್ರೆಗಳ ವಿಷಯ. ನಮ್ಮವ್ವ ಕೊಟ್ಟ ಬಂಗಾರದ ಬಳೆ ಮಾರಿ ಅವನ್ನೆಲ್ಲ ಕೊಂಡವಳು ನಾನು. ಪ್ರತಿ ಸಲ ಜಂಬಣ್ಣನವರು "ಯಾರ ಹೆಸರು ಹಾಕ್ಲಿ ಅಕ್ಕಾ?" ಎಂದು ಕೇಳಿದಾಗ ನಾನು ಬಾಯಿಗೆ ಸೆರಗು ಹಚ್ಚಿಕೊಂಡು, ನಾಚಿಕೊಂಡು, ಚೀಟಿಯಲ್ಲಿ ಬರೆದು ತಂದ ಹೆಸರನ್ನು ಮುಂದೆ ಚಾಚುತ್ತಿದ್ದೆ. ನಮ್ಮ ಕಡೆ ಮರ್ಯಾದಸ್ಥ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ ನೋಡಿ. ಗಂಡನೇ ಅಲ್ಲದವನ ವಿಷಯದಲ್ಲಿ ಆ ಶಾಸ್ತ್ರವನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದ ಪುಣ್ಯವಂತೆ ಐದು ತಾಲೂಕಿನಲ್ಲೂ ಇರಲಿಕ್ಕಿಲ್ಲ. ತಾವೂ ಏನು ಕಡಿಮೆಯೇ? ಹಂಡೆ, ಕೊಳಗ, ತಟ್ಟೆ, ಸೌಟು, ಕೊನೆಗೆ ಉಪ್ಪಿನ ಡಬ್ಬಿಯ ಮುಚ್ಚಳದವರೆಗೂ "ಹುಲುಗೇಶ" ಎಂದು ಎಷ್ಟು ಆಳವಾಗಿ ಕೊರೆದಿರೆಂದರೆ, ಹನ್ನೊಂದು ವರ್ಷ ಬೂದಿ ಹಾಕಿ ತಿಕ್ಕಿದರೂ ಒಂದು ಕೊಂಬು ಕೂಡ ಸವೆದಿಲ್ಲ. ಸವೆದದ್ದು ನನ್ನ ಬೆರಳು.

ಈ ವರ್ಷ ನಾನು, ಒಂದು ದಿನ ಬಾಗಿಲು ಹಾಕೋಣ, ಲಗ್ನ ಮಾಡಿಕೊಂಡೇ ಬಿಡೋಣ ಎಂದೆ. "ಆ ದಿನದ ಬ್ಯಾಪಾರ ಬಿಡಾಕ ಆಗತೈತೇನು? ಹುಚ್ಚಿ ಅದಿ ನೀನು" ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಕೈಯಲ್ಲಿದ್ದ ಸೌಟು ಎಸೆದೆ. ಅವರು ಮನೆ ಬಿಟ್ಟು ಹೋದರು, ಹೋಗುವಾಗ ಸೌಟನ್ನೂ ಎತ್ತಿಕೊಂಡೇ ಹೋದರು. ಮಾರನೆಯ ದಿನ ಹಿರಿಯರನ್ನು ಕರೆತಂದರು. ಓಣಿಯ ಹಿರಿಯರಾದ ಮರುಳಪ್ಪನವರು ಕನ್ನಡಕ ಏರಿಸಿ ಪಾತ್ರೆಗಳನ್ನು ಒಂದೊಂದಾಗಿ ಮಗುಚಿ, "ಇದು ಹುಲುಗೇಶ, ಇದೂ ಹುಲುಗೇಶ. ಹೆಸರು ಯಾರದೈತೋ ಪಾತ್ರಿ ಅವರದು. ನೀನೇನು ಲಗ್ನ ಆದಾಕಿ ಅಲ್ಲಲ್ಲವ್ವಾ" ಎಂದು ತೀರ್ಪು ಕೊಟ್ಟುಬಿಟ್ಟರು. ಕೂಡ್ಲಿಗಿಗೆ ಹೋಗಿ ವಕೀಲರನ್ನು ಕಂಡೆ. ಲಗ್ನದ ಫೋಟೋ ಇದೆಯೇ ಎಂದು ಕೇಳಿದರು. ಒಂದಿತ್ತು, ತೋರಿಸಿದೆ. ಅದರಲ್ಲಿ ಬೇರೆ ಯಾರೋ ತಾಳಿ ಕಟ್ಟುತ್ತಿದ್ದಾರೆ, ಹಿಂದೆ ಮೂಲೆಯಲ್ಲಿ ನಾವಿಬ್ಬರೂ ಮಿರ್ಚಿ ಕರಿಯುತ್ತಿದ್ದೇವೆ. ವಕೀಲರು ಫೋಟೋವನ್ನು ಬಹಳ ಹೊತ್ತು ನೋಡಿ, ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟರು.

ಎರಡು ಟ್ರಿಪ್ ಟಂಟಂ ಗಾಡಿಯಲ್ಲಿ ನನ್ನ ಖಾನಾವಳಿ ಹೊರಟುಹೋಯಿತು. ಅಂದು ಒಲೆ ಹಚ್ಚಲಿಲ್ಲ. ಖಾಲಿ ಹಲಗೆಯ ಮುಂದೆ ಕೂತು ಅತ್ತೆ. ಪಾತ್ರೆ ಹೋದದ್ದಕ್ಕಲ್ಲ, ಇಷ್ಟು ವರ್ಷ ದುಡಿದದ್ದಕ್ಕೆ ನನ್ನ ಹತ್ತಿರ ಒಂದು ಚಮಚದಷ್ಟೂ ಗುರುತು ಉಳಿಯಲಿಲ್ಲವಲ್ಲ ಎಂದು ಅತ್ತೆ.

ಆದ್ದರಿಂದ ಮಾನ್ಯರೇ, ಹಿರಿಯರನ್ನೂ ಕಾನೂನನ್ನೂ ಮೀರಿದ ಅಧಿಕಾರ ತಮ್ಮ ಸೂಜಿಗೆ ಇದೆಯೆಂದು ತಿಳಿದು ಬೇಡಿಕೊಳ್ಳುತ್ತೇನೆ. ತಾವು ದಯಮಾಡಿ ಒಂದು ಸಲ ಹಿಮ್ಮುಖವಾಗಿ ತಿರುಗಿ, ಬರೆದದ್ದನ್ನೆಲ್ಲ ವಾಪಸು ನುಂಗಬೇಕು. ಅದಾಗದಿದ್ದರೆ, ನಾನು ಬಡಿದ ಅಷ್ಟೂ ಜೋಳದ ರೊಟ್ಟಿಗಳ ಮೇಲೆ, ಅವು ಯಾರ ಹೊಟ್ಟೆಯಲ್ಲೇ ಇರಲಿ, ಹುಡುಕಿಕೊಂಡು ಹೋಗಿ "ಕಲ್ಯಾಣಮ್ಮ" ಎಂದು ಕೊರೆಯಬೇಕು. ಅದೂ ಕಷ್ಟವೆಂದರೆ, ಒಲೆಯ ಹೊಗೆಗೆ, ನನ್ನ ಸೊಂಟದ ನೋವಿಗೆ ಹುಲುಗೇಶರವರ ಹೆಸರನ್ನೇ ಹಾಕಿ ಅವನ್ನೂ ಟಂಟಂನಲ್ಲಿ ಕಳಿಸಿಕೊಡಬೇಕು. ಸಾಗಣೆ ಖರ್ಚು ನನ್ನದೇ ಇರಲಿ.

ತಮ್ಮ ಅಕ್ಷರಗಳಿಗೆ ಎಂದೂ ತುಕ್ಕು ಹಿಡಿಯದಿರಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಕಲ್ಯಾಣಮ್ಮ

ತಾ. ಕ.: ಪಕ್ಕದ ಮನೆಯ ಚೌಡಕ್ಕ ತನ್ನ ಕೊಳಗಗಳನ್ನು ಕೊಟ್ಟಿದ್ದಾಳೆ, ಊಟಕ್ಕೆ ಮುತ್ತುಗದ ಎಲೆ ಹಾಕುತ್ತೇನೆ, ಖಾನಾವಳಿ ಮತ್ತೆ ನಡೆದಿದೆ. ಮೊನ್ನೆ ಹುಲುಗೇಶರವರು ಹಸಿದುಕೊಂಡು ಬಂದರು. ಕೋಣೆಯ ತುಂಬ ಪಾತ್ರೆ ಇದ್ದರೂ ಅವರಿಗೆ ಅನ್ನ ಮಾಡಲು ಬರುವುದಿಲ್ಲ. ಎಲೆ ಇರುವುದು ಹೆಸರಿನ ತಟ್ಟೆ ಇಲ್ಲದವರಿಗೆ ಎಂದೆ. ಹೋಗಿ ತಮ್ಮ ತಟ್ಟೆ ತಂದರು. ಎಲ್ಲರಂತೆ ಮುಂಗಡ ಕೊಟ್ಟು ಉಂಡರು, ಹಿತ್ತಲಿಗೆ ಹೋಗಿ ತಟ್ಟೆಯನ್ನು ತಾವೇ ತೊಳೆದರು. ಹನ್ನೊಂದು ವರ್ಷದಲ್ಲಿ ಅವರು ತೊಳೆದ ಮೊದಲ ತಟ್ಟೆ ಅದು.