ರಕ್ತ ಹೇಳದ ಸಾಕ್ಷಿ

ಕಾಯಿಲೆ ಬಂದರೆ ನಾಲ್ಕು ಜನರಿಗೆ ಕಾಣುವ ಹಾಗೆ ಬರಬೇಕು. ಜ್ವರವಾದರೆ ಮೈ ಸುಡುತ್ತದೆ, ಕಾಮಾಲೆಯಾದರೆ ಕಣ್ಣು ಹಳದಿಯಾಗುತ್ತದೆ. ನನಗೆ ಬಂದದ್ದು ಮುಖ ತೋರಿಸದ ಕಾಯಿಲೆ. ಮೈಯೆಲ್ಲ ನೋವು, ನಿದ್ದೆ ಹತ್ತುವುದಿಲ್ಲ, ಹತ್ತಿದರೂ ಏಳುವಾಗ ದಿನವಿಡೀ ಕಡಲೆ ಕಿತ್ತು ಬಂದಷ್ಟು ದಣಿವು. ಹುಬ್ಬಳ್ಳಿಯ ಡಾಕ್ಟರ್ ಮೇಡಂ ಇದು ಫೈಬ್ರೋಮಯಾಲ್ಜಿಯಾ ಎಂದರು. ಇಷ್ಟುದ್ದದ ಹೆಸರನ್ನಾದರೂ ಅತ್ತೆ ನಂಬಿಯಾರು ಎಂದು ನನಗೆ ಖುಷಿಯೋ ಖುಷಿ.

ಅತ್ತೆ ಕೇಳಿದ್ದು ಒಂದೇ ಮಾತು, "ರಕ್ತ ಏನಂತೈತಿ?" ನನ್ನ ರಕ್ತವೇ ನನ್ನ ವೈರಿ. ಥೈರಾಯ್ಡ್, ಸಕ್ಕರೆ, ಸಂಧಿವಾತ, ಯಾವ ಪರೀಕ್ಷೆಗೂ ಸಿಕ್ಕಿಬೀಳದೆ ನಾರ್ಮಲ್ ಎಂದುಬಿಟ್ಟಿತ್ತು. ಈ ನೋವಿನ ಗುರುತನ್ನು ರಕ್ತದಲ್ಲಿ ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರಂತೆ. ಅವರು ಹುಡುಕಿ ಮುಗಿಸುವ ಮೊದಲೇ ಅತ್ತೆ ಮೊರಬದ ನಮ್ಮ ಓಣಿ ತುಂಬ "ನಮ್ಮ ಸೊಸಿ ಅಗದಿ ಗಟ್ಟಿ ಅದಾಳ್ರಿ" ಎಂದು ಸಾರಿ ಬಂದರು.

ನಾನೂ ಬಿಡುವವಳಲ್ಲ. ಆಸ್ಪತ್ರೆಯಲ್ಲಿ ನೋವು ಅಳೆಯುವ ಯಂತ್ರವಿದೆ ಎಂದು ತಿಳಿದು ಅತ್ತೆಯನ್ನೇ ಜೊತೆಗೆ ಕರೆದೊಯ್ದೆ. ಹೆಬ್ಬೆರಳನ್ನು ಒತ್ತುತ್ತ ಹೋಗುತ್ತಾರೆ, ನೋವು ಶುರುವಾದಲ್ಲಿ ಸಾಕು ಅನ್ನಬೇಕು. ಆದರೆ ಹಿರಿಯರ ಎದುರು ನರಳಬಾರದೆಂದು ಕಲಿತು ಬೆಳೆದವಳು ನಾನು. ಮೇಡಂ "ನೋವಾತೇನ್ರಿ?" ಎಂದಾಗಲೆಲ್ಲ "ನಡೀತೈತ್ರಿ" ಎಂದೆ. ಕಣ್ಣಲ್ಲಿ ನೀರಾಡಿದರೂ ಬಾಯಿ ಮರ್ಯಾದೆ ಬಿಡಲಿಲ್ಲ. ಯಂತ್ರದ ಲೆಕ್ಕದಲ್ಲಿ ನಾನು ಪೈಲ್ವಾನಳಾದೆ. ಅತ್ತೆ ಹೆಮ್ಮೆಯಿಂದ ನರ್ಸನ್ನು ನೋಡಿದರು.

ನನಗೆ ಸಿಟ್ಟು ನೆತ್ತಿಗೇರಿತು. "ಇನ್ನೊಂದು ಕೈ ಒತ್ರಿ" ಎಂದೆ. ನೋವು ಶುರುವಾದದ್ದೇ ತಡ, "ಸಾಕ್ರಿ!" ಎಂದು ಹೊರಗೆ ಬೆಂಚಿನ ಮೇಲಿದ್ದವರು ಎದ್ದು ನಿಲ್ಲುವಂತೆ ಕೂಗಿದೆ.

"ಇಷ್ಟಕ್ಕ ಯಾರಿಗೆ ನೋವಾಗತೈತಿ? ನನಗ ಒತ್ರಿ ನೋಡೂಣು" ಎಂದು ಅತ್ತೆ ತಾವೇ ಕುರ್ಚಿಯಲ್ಲಿ ಕುಳಿತರು. ಮೇಡಂ ಇನ್ನೂ ಮೆಲ್ಲಗೆ ಒತ್ತಿದ್ದರು, ಅಷ್ಟರಲ್ಲೇ ಅತ್ತೆ "ಯವ್ವಾ!" ಎಂದು ಕೈ ಎಳೆದುಕೊಂಡರು.

"ನಿದ್ದಿ ಚಲೋ ಬರತೈತೇನ್ರಿ ಅಮ್ಮಾ?" ಎಂದು ಮೇಡಂ ಕೇಳಿದರು.

"ಮದವಿ ಆದಾಗಿಂದ ಇಲ್ರಿ. ಹೆಣಮಕ್ಕಳಿಗೆಲ್ಲ ಹಿಂಗ ಇರತೈತಿ ಅಂತ ಸುಮ್ಮನಿದ್ದೆ."

ನನಗೆ ಅಳು ಬಂತು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಗೋಡೆಯ ಆಚೆ ಈಚೆ ಇಬ್ಬರೂ ಎಚ್ಚರವಿದ್ದೆವು.

ಮರಳುವಾಗ ಬಸ್ಸಿನಲ್ಲಿ ಇದ್ದದ್ದು ಒಂದೇ ಸೀಟು. ಅತ್ತೆ ನನ್ನ ರಟ್ಟೆ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದರು, "ನೀ ಕುಂದರು. ನಿನಗ ಭಾಳ ತ್ರಾಸ ಐತಿ."

ಈ ಒಂದು ಮಾತಿಗಾಗಿಯೇ ನಾನು ಅಷ್ಟೆಲ್ಲ ರಕ್ತ ಕೊಟ್ಟಿದ್ದು. "ನನಗೇನಾಗೇತ್ರಿ ಅತ್ತಿ, ನೀವ ಕುಂದರ್ರಿ" ಎಂದು ನಗುತ್ತಾ ಮೊರಬದವರೆಗೂ ನಿಂತೇ ಬಂದೆ.