ಕಷ್ಟ ಸಾಲದೆಂದು ಮರಳಿ ಬಂದ ಕೃತಜ್ಞತೆ

ನಮ್ಮ ವಿಶ್ವವಿದ್ಯಾಲಯದ ಮೂರು ಕಟ್ಟಡಗಳ ಹಣೆಯ ಮೇಲೆ ಹೆಸರಾಗಿಯೂ, ಗ್ರಂಥಾಲಯದ ಮೆಟ್ಟಿಲ ಬಳಿ ಎದೆಮಟ್ಟದ ಪ್ರತಿಮೆಯಾಗಿಯೂ ಬೆಳಗುತ್ತಿರುವ ವಿದ್ಯಾದಾನಿಗಳಾದ ಮಾನ್ಯರೇ,

ತಮ್ಮ ಪ್ರತಿಷ್ಠಾನದ ವಿದ್ಯಾರ್ಥಿವೇತನದ ನಲವತ್ತೊಂದನೆಯ ಫಲಾನುಭವಿಯಾದ ನಾನು, ಸಂಖ್ಯಾಶಾಸ್ತ್ರದ ಎರಡನೆಯ ವರ್ಷ ಮುಗಿಸಿ ಕೊನೆಯ ವರ್ಷದ ಹೊಸ್ತಿಲಲ್ಲಿ ನಿಂತು, ತಮಗೆ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ. ಮೂರು ತಿಂಗಳಿಗೊಂದರಂತೆ ತಮಗೆ ಈಗಾಗಲೇ ಎಂಟು ಧನ್ಯವಾದ ಪತ್ರಗಳನ್ನು ಬರೆದಿದ್ದೇನೆ. ಅವೆಲ್ಲವನ್ನೂ ತಮ್ಮ ಕಚೇರಿಯ ಕೃತಜ್ಞತಾ ವಿಭಾಗದ ಗುಮಾಸ್ತರು ತಿದ್ದಿಕೊಟ್ಟಿದ್ದರು. ಈ ಒಂಬತ್ತನೆಯದನ್ನು ಯಾರೂ ತಿದ್ದಿಲ್ಲವಾದ್ದರಿಂದ, ಅಲ್ಲಲ್ಲಿ ನಿಜ ನುಸುಳಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ಇಲ್ಲಿಗೆ ಬರುವಾಗ ನನಗೆ ಸಂಖ್ಯಾಶಾಸ್ತ್ರ ಕಲಿಯುವ ಹುಚ್ಚು ಇತ್ತೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆ ಹುಚ್ಚು ಬಿಡಿಸಿ ನಿಜವಾದ ವಿದ್ಯೆ ಕಲಿಸಿದವರು ತಾವು. ನನ್ನ ಮೊದಲ ಪತ್ರದಲ್ಲಿ, ಅಪ್ಪ ತೀರಿಕೊಂಡ ಮೇಲೆ ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಷೀಟುಗಳಿಗೆ ಇಸ್ತ್ರಿ ಹಾಕಿ ಮನೆ ನಡೆಸುತ್ತಾಳೆ, ಕೆಲಸ ಮಾಡುತ್ತಾ ಏನಾದರೂ ಗುನುಗುತ್ತಿರುತ್ತಾಳೆ, ಗುನುಗದ ದಿನ ಜತೆಯವರು ಹುಷಾರಿಲ್ಲವೇ ಎಂದು ಕೇಳುತ್ತಾರೆ ಎಂದು ಬರೆದಿದ್ದೆ. ಅದು "ಕಷ್ಟ ಸಾಲದು" ಎಂಬ ಕೆಂಪು ಶಾಯಿಯ ಷರಾ ಹೊತ್ತು ವಾಪಸು ಬಂತು. ಗುಮಾಸ್ತರು ಕೆಟ್ಟವರಲ್ಲ, ಕುರ್ಚಿ ಎಳೆದು ಕೂರಿಸಿ, "ನೋಡಮ್ಮಾ, ಈ ಹಾಡು ಗೀಡು ಎಲ್ಲ ತೆಗೆದುಬಿಡು, ದಾನಿಗಳಿಗೆ ಗೊಂದಲ ಆಗುತ್ತೆ" ಎಂದು ತಿಳಿಹೇಳಿದರು. ಎರಡನೆಯ ಸಲ ಅಮ್ಮನ ಹಾಡು ನಿಲ್ಲಿಸಿದೆ. ಮೂರನೆಯ ಸಲ ಅವಳಿಗೆ ಇಲ್ಲದ ಮೊಣಕಾಲು ನೋವು ಬರಿಸಿದೆ, ಒಪ್ಪಿಗೆಯ ಮುದ್ರೆ ಬಿತ್ತು. ಹೆತ್ತ ತಾಯಿಯನ್ನು ಒಂದೊಂದೇ ವಾಕ್ಯದಲ್ಲಿ ಕುಗ್ಗಿಸುವ ಈ ಕಲೆಯನ್ನು ಯಾವ ಪ್ರಾಧ್ಯಾಪಕರೂ ಇಷ್ಟು ಶ್ರದ್ಧೆಯಿಂದ ಕಲಿಸಲಾರರು.

ತಮ್ಮ ವಾರ್ಷಿಕ ಪುಸ್ತಿಕೆಗೆ ನಮ್ಮ ಫೋಟೋ ತೆಗೆಯಲು ಬಂದ ಮಹನೀಯರ ಕಲಾಪ್ರಜ್ಞೆಯನ್ನೂ ಇಲ್ಲಿ ನೆನೆಯಲೇಬೇಕು. ಎರಡೇ ಕೋಣೆಯ ನಮ್ಮ ಮನೆಯಲ್ಲಿ ಬಡತನಕ್ಕೆ ಅಡ್ಡಿಯಾಗುವ ವಸ್ತುಗಳು ಎಷ್ಟಿವೆ ಎಂಬುದು ನಮಗೆ ಗೊತ್ತಾದದ್ದೇ ಅಂದು. ಪುಸ್ತಕದ ಕಪಾಟಿಗೆ ಹಳೆಯ ಹೊದಿಕೆ ಹೊದಿಸಿದರು. ಕಂತಿನಲ್ಲಿ ಕೊಂಡ ಫ್ರಿಜ್ಜು ಪರದೆಯ ಹಿಂದೆ ಸರಿಯಿತು. ಕೊನೆಗೆ "ಅಮ್ಮಾ, ಕನ್ನಡಕ ಒಂಚೂರು ತೆಗೀರಿ, ಓದಿದೋರ ಥರ ಕಾಣ್ತೀರಿ" ಎಂದರು. ಕನ್ನಡಕವಿಲ್ಲದೆ ಅಮ್ಮನಿಗೆ ಎದುರಿನದು ಮಸುಕು, ಅದಕ್ಕೇ ಕಣ್ಣು ಕಿರಿದು ಮಾಡಿ ನೋಡಿದಳು. ಪುಸ್ತಿಕೆಯಲ್ಲಿ ಆ ಚಿತ್ರದ ಕೆಳಗೆ "ಭವಿಷ್ಯದತ್ತ ಭರವಸೆಯ ನೋಟ" ಎಂದು ಅಚ್ಚಾಯಿತು.

ಎರಡನೆಯ ವರ್ಷದ ಸಂಭವನೀಯತೆಯ ಪರೀಕ್ಷೆಯೂ ತಮ್ಮ ಕೃತಜ್ಞತಾ ದಿನದ ತಾಲೀಮೂ ಒಂದೇ ಬೆಳಿಗ್ಗೆ ಬಿದ್ದವು. ತಾಲೀಮೆಂದರೆ, ತಮ್ಮ ಬದಲಿಗೆ ವೇದಿಕೆಯ ಮೇಲೆ ಇಟ್ಟಿದ್ದ ಖಾಲಿ ಕುರ್ಚಿಗೆ ನಾವು ಅರವತ್ತು ಮಂದಿ ಸಾಲಾಗಿ ಬಂದು ಹೂಗುಚ್ಛ ಕೊಟ್ಟು, ಬೆನ್ನು ತೋರಿಸದೆ ಹಿಂದೆ ಸರಿಯುವುದು. ತಮ್ಮ ಹೆಸರಿನ ಪೀಠದಲ್ಲಿ ಪಾಠ ಮಾಡುವ ನಮ್ಮ ಪ್ರಾಧ್ಯಾಪಕಿಯನ್ನು ಕೇಳಿದರೆ, ಅವರು ಕಿಟಕಿಯ ಕಡೆ ನೋಡುತ್ತಾ, "ಹೋಗಮ್ಮಾ, ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ, ದಾನಿಗಳು ಬರ್ತಾರೋ ಇಲ್ವೋ" ಎಂದರು. ನಾನು ಆ ವಿಷಯದಲ್ಲಿ ನಪಾಸಾದೆ. ಆದರೆ ಕುರ್ಚಿಗೆ ಬೆನ್ನು ತೋರಿಸದೆ ನಡೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲವೆಂದು ಎಲ್ಲರೂ ಹೊಗಳಿದರು.

ಇಷ್ಟನ್ನೆಲ್ಲ ನುಂಗಿಕೊಂಡು ಒಂಬತ್ತನೆಯ ಪತ್ರವನ್ನೂ ಗುಮಾಸ್ತರ ಕೈಗೇ ಕೊಡುತ್ತಿದ್ದೆನೇನೋ. ಆದರೆ ಕಳೆದ ತಿಂಗಳು ಅಮ್ಮನ ಜತೆಗೆಲಸದಾಕೆ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ಅಕ್ಕಾ, ನಂಗೆ ಷೀಟು ಮಡಚೋದು ಕಲಿಸಿದ್ದೇ ನೀವು, ನಿಮ್ಮ ಮೇಲೆ ನಾನು ಹೆಂಗೆ ಯಜಮಾನಿಕೆ ಮಾಡ್ಲಿ?" ಎಂದು ಅತ್ತಾಗ ವಿಷಯ ಹೊರಬಿತ್ತು. ಆ ವಿಭಾಗದ ಮೇಲ್ವಿಚಾರಕಿಯ ಹುದ್ದೆಯನ್ನು ಅಮ್ಮನಿಗೇ ಕೊಡಲು ಹೊರಟಿದ್ದರಂತೆ, ಅಮ್ಮ ಬೇಡವೆಂದದ್ದರಿಂದ ಅದು ಈಕೆಯ ಪಾಲಿಗೆ ಬರಲಿತ್ತಂತೆ. ಕುಟುಂಬದ ಸ್ಥಿತಿಯಲ್ಲಿ ಸುಧಾರಣೆ ಕಂಡುಬಂದರೆ ವಿದ್ಯಾರ್ಥಿವೇತನ ರದ್ದಾಗುವುದೆಂಬ ತಮ್ಮ ನವೀಕರಣ ಅರ್ಜಿಯ ಹನ್ನೊಂದನೆಯ ಕಲಮನ್ನು ನನಗಿಂತ ಮೊದಲೇ ಅವಳು ಓದಿದ್ದಳು. ಆಸ್ಪತ್ರೆಯ ಮ್ಯಾನೇಜರಿಗೆ ಹೇಳಿದ ಕಾರಣ, ಮೊಣಕಾಲು ನೋವು. ನಾನು ಕಾಗದದ ಮೇಲೆ ಬರಿಸಿದ ನೋವನ್ನೇ ಅಮ್ಮ ಎತ್ತಿಕೊಂಡು ಹೋಗಿ ಬಳಸಿದ್ದಳು. ಕೇಳಿದರೆ, "ನಿಂದು ಇನ್ನೊಂದು ವರ್ಷ ತಾನೆ, ನಿಂತು ಇಸ್ತ್ರಿ ಹಾಕೋದು ನಂಗೇನು ಹೊಸದಾ?" ಎಂದಳು. ಮಾನ್ಯರೇ, ಅಂದು ನನಗೆ ನನ್ನ ಮೇಲೇ ಅಸಹ್ಯವಾಯಿತು, ಆಮೇಲೆ ತಮ್ಮ ಮೇಲೆ.

ಆದ್ದರಿಂದ ಕೆಲವು ನಮ್ರ ಬಿನ್ನಹಗಳು. ಫಲಾನುಭವಿಗಳ ತಾಯಂದಿರು ಎಷ್ಟು ಮೇಲೇರಬಹುದು ಎಂಬುದಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆದು ಕೊಡಬೇಕು. ಅವರು ಅಪ್ಪಿತಪ್ಪಿ ಗುನುಗದಂತೆ ನೋಡಿಕೊಳ್ಳಲು ಪರಿವೀಕ್ಷಕರೊಬ್ಬರನ್ನು ನೇಮಿಸಬೇಕು. ಪದವಿ ಪಡೆದ ಮೇಲೂ ನಾವು ಉದ್ಧಾರವಾಗಿ ತಮಗೆ ಕೆಟ್ಟ ಹೆಸರು ತರದಂತೆ, ನಮ್ಮ ಬಡತನವನ್ನು ಕೆಡದ ಹಾಗೆ ಕಾಪಿಡಲು ತಮ್ಮ ಮುಂಬರುವ ನಾಲ್ಕನೆಯ ಕಟ್ಟಡದಲ್ಲಿ ಒಂದು ತಣ್ಣನೆಯ ಕೋಣೆ ಕಟ್ಟಿಸಬೇಕು.

ಇನ್ನು ನನ್ನ ವಿಷಯ. ಮ್ಯಾನೇಜರು ತಿಂಗಳ ಕೊನೆಯವರೆಗೆ ಬಡ್ತಿಯ ಆದೇಶವನ್ನು ಹಿಡಿದಿಟ್ಟಿದ್ದರಿಂದ, ಅಮ್ಮನಿಗೆ ಕನ್ನಡಕ ಹಾಕಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿದೆ. ಎರಡು ದಿನ ನನ್ನ ಜತೆ ಮಾತು ಬಿಟ್ಟಳು. ಮೂರನೆಯ ದಿನ ಒಲೆಯ ಮುಂದೆ ಅವಳ ಗುನುಗು ಕೇಳಿಸಿತು. ಹನ್ನೊಂದನೆಯ ಕಲಮಿನ ಎದುರು "ಸುಧಾರಣೆ ಇದೆ" ಎಂದು ನಾನೇ ಬರೆದು ಅರ್ಜಿ ಕೊಟ್ಟಿದ್ದೇನೆ. ಕೊನೆಯ ವರ್ಷಕ್ಕಾಗಿ ಗ್ರಂಥಾಲಯದಲ್ಲಿ ಸಂಜೆಯ ಕೆಲಸ ಕೇಳಿದ್ದೇನೆ, ಸಿಕ್ಕೀತೋ ಇಲ್ಲವೋ ಗೊತ್ತಿಲ್ಲ, ಭಯವಂತೂ ಇದೆ.

ಈ ವರ್ಷದ ಕೃತಜ್ಞತಾ ದಿನದಂದು ವೇದಿಕೆಯ ಮೇಲೆ ಪತ್ರ ಓದಲು, ನನ್ನ ಹಿಂದಿನ ಸಾಧನೆ ನೋಡಿ, ತಮ್ಮವರೇ ನನ್ನನ್ನು ಆರಿಸಿದ್ದಾರೆ. ಓದುವುದು ಇದನ್ನೇ. ಮುಂದಿನ ಸಾಲಿನಲ್ಲಿ ಕನ್ನಡಕ ಹಾಕಿಕೊಂಡು ಕೂತಿರುವ ಹೆಂಗಸು ನನ್ನ ಅಮ್ಮ. ಓದಿ ಮುಗಿದ ಮೇಲೆ ನಾನು ತಮ್ಮ ಕುರ್ಚಿಗೆ ಬೆನ್ನು ತಿರುಗಿಸಿ ನೇರ ಅವಳ ಹತ್ತಿರ ನಡೆಯುತ್ತೇನೆ.

ಈ ಹೊತ್ತಿಗೂ ತಮ್ಮ ಪಟ್ಟಿಯಲ್ಲಿ ನಲವತ್ತೊಂದನೆಯವಳಾದ,
ತಮ್ಮ ವಿಶ್ವಾಸಿ

ತಾ.ಕ.: ಅಂದು ಫೋಟೋ ತೆಗೆದು ದಣಿದ ಮಹನೀಯರು ತಣ್ಣನೆಯ ನೀರು ಕೇಳಿ ಎರಡು ಲೋಟ ಕುಡಿದು ಹೋದರು. ಅದು ಪರದೆಯ ಹಿಂದಿನಿಂದಲೇ ಬಂದಿತ್ತೆಂಬುದನ್ನು ಮುಂದಿನ ಪುಸ್ತಿಕೆಯಲ್ಲಿ ತಿದ್ದುಪಡಿಯಾಗಿ ಪ್ರಕಟಿಸಬೇಕಾಗಿ ಕೋರಿಕೆ.