ಥುಕ್ಬಾವತಿಯ ದಡದಲ್ಲಿ ಎಂ.ಎ.

ಸೌದಿ ಅರೇಬಿಯಾದಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಅಲ್ ಖೋಬರಿನ ಥುಕ್ಬಾದಲ್ಲಿ, ಲಾಂಡ್ರಿಯ ಹಿಂದಿನ ಗಲ್ಲಿಯಲ್ಲಿ ಹರಿಯುತ್ತಿರುವುದೊಂದನ್ನು ಬಿಟ್ಟು ಎಂದು ಇನ್ನು ಮುಂದೆ ಓದಿಕೊಳ್ಳತಕ್ಕದ್ದು.

ಈ ತಿದ್ದುಪಡಿಗೆ ಕಾರಣರಾದವರು ಶಿರ್ವದ ಲಿಯೋನಾ ಟೀಚರ್. ಖೋಬರಿನ ಒಂದು ಇಂಡಿಯನ್ ಶಾಲೆಯಲ್ಲಿ ಬಹುಕಾಲದಿಂದ ಭೂಗೋಳ ಕಲಿಸುತ್ತಿದ್ದರು. ಮಕ್ಕಳಿಗೆ ಅವರ ಪಾಠ ಇಷ್ಟವಾಗುತ್ತಿತ್ತು. ಇದು ಗಂಭೀರ ಲೋಪವೆಂದು ಆಡಳಿತ ಮಂಡಳಿಗೆ ಅನಿಸಿರಬೇಕು; ಸ್ನಾತಕೋತ್ತರ ಪದವಿ ಇಲ್ಲದವರ ಇಕಾಮಾವನ್ನು, ಅಂದರೆ ಇಲ್ಲಿ ವಾಸಿಸುವ ಪರವಾನಗಿಯನ್ನು, ಎರಡು ವರ್ಷಗಳ ನಂತರ ನವೀಕರಿಸುವುದಿಲ್ಲವೆಂದು ಅದು ಪ್ರಕಟಿಸಿತು. ಲಿಯೋನಾ ಟೀಚರ್ ಊರಿನ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣಕ್ಕೆ ಸೇರಿದರು. ವಿಷಯ: ಭೂಗೋಳ ಮತ್ತು ಪರಿಸರ ಶಿಕ್ಷಣ. ಅದರ ಅಧ್ಯಯನ ಕೇಂದ್ರ ಥುಕ್ಬಾದಲ್ಲಿ, ಆ ಲಾಂಡ್ರಿಯ ಮಹಡಿಯಲ್ಲಿತ್ತು. ಸಂಯೋಜಕರು ಬಂಟ್ವಾಳದ ಅಬ್ದುಲ್ ಬಾಸಿತ್. ಅದೇ ಮೇಜಿನಲ್ಲಿ ಅವರು ವಿಮಾನದ ಟಿಕೇಟನ್ನೂ ಕೊಡುತ್ತಿದ್ದರು. ಭೂಗೋಳಕ್ಕೆ ಅದಕ್ಕಿಂತ ಹತ್ತಿರದ ಅರ್ಹತೆ ಬೇರೆ ಇಲ್ಲ.

ಮೂರು ಸೆಮಿಸ್ಟರ್ ಸುಗಮವಾಗಿ ಸಾಗಿದವು. ನಾಲ್ಕನೆಯದರಲ್ಲಿ ನಿಯಮವೊಂದು ಎದುರಾಯಿತು: ಪ್ರತಿ ವಿದ್ಯಾರ್ಥಿಯೂ ತಾನು ವಾಸಿಸುವ ಊರಿನ ಜೀವನದಿಯೊಂದನ್ನು ಅಭ್ಯಸಿಸಿ, ಅದರ ದಡದ ಜನರಲ್ಲಿ ಪರಿಸರ ಪ್ರಜ್ಞೆ ಮೂಡಿಸತಕ್ಕದ್ದು. ಇಲ್ಲಿ ನದಿ ಇಲ್ಲವೆಂದು ಲಿಯೋನಾ ಟೀಚರ್ ವಿನಯದಿಂದ ತಿಳಿಸಿದರು. ವಿಶ್ವವಿದ್ಯಾಲಯ ಉತ್ತರಿಸಿತು: 'ನದಿ ಕಡ್ಡಾಯ. ದೇಶ ವಿದ್ಯಾರ್ಥಿಯ ಆಯ್ಕೆ.'

ಆಗಲೇ ಲಾಂಡ್ರಿಯ ಹಿಂದೆ ನೀರಿನ ಪೈಪು ಒಡೆದು ಒಂದಷ್ಟು ವಾರ ಆಗಿತ್ತು. ಸಮುದ್ರದ ನೀರನ್ನು ಭಾರೀ ಖರ್ಚಿನಲ್ಲಿ ಸಿಹಿ ಮಾಡಿ ಕಳಿಸಿದ್ದು, ಗಲ್ಲಿಯುದ್ದಕ್ಕೂ ಹರಿದು ಖಾಲಿ ಸೈಟಿನ ಮರಳಲ್ಲಿ ಇಂಗುತ್ತಿತ್ತು. ಬಾಸಿತ್ ಕಿಟಕಿಯಿಂದ ಅದನ್ನು ನೋಡಿದರು. ಟೀಚರನ್ನು ಕರೆದರು.

"ಉಗಮ ಉಂಟು, ಹರಿವು ಉಂಟು, ಕೊನೆಗೆ ಸೇರುವ ಜಾಗವೂ ಉಂಟು. ಇನ್ನೆಂತ ಬೇಕು ಟೀಚರೇ?"

"ಅದು ಪೈಪು ಒಡೆದದ್ದಲ್ವಾ ಸರ್?"

"ನೇತ್ರಾವತಿ ಎಲ್ಲಿಂದ ಬರ್ತದೆ ಅಂತ ನೀವು ಹೋಗಿ ನೋಡಿದ್ದೀರಾ?"

ಲಿಯೋನಾ ಟೀಚರ್ ಹೋಗಿ ನೋಡಿರಲಿಲ್ಲ. ನದಿಗೆ ಥುಕ್ಬಾವತಿ ಎಂದು ಹೆಸರಿಡಲಾಯಿತು. ವಿಶ್ವವಿದ್ಯಾಲಯ ಕೂಡಲೇ ಅನುಮೋದಿಸಿತು; ಲಾಂಡ್ರಿ ಎಡದಂಡೆಯೋ ಬಲದಂಡೆಯೋ ಎಂಬುದಷ್ಟೇ ಅದರ ಸಂಶಯವಾಗಿತ್ತು.

ದಡದ ಜನರೆಂದರೆ ಅದೇ ಕಟ್ಟಡದ ಹಿಂಬದಿಯ ನೆಲಮಹಡಿಯ ಆಯಿಶತ್. ಉಳ್ಳಾಲದವಳು, ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು. ಥುಕ್ಬಾವತಿ ಅವಳ ಹೊಸ್ತಿಲನ್ನು ಸವರಿಕೊಂಡು ಹೋಗುತ್ತಿತ್ತು. ಟೀಚರ್ ಬಾಗಿಲಲ್ಲಿ ನಿಂತು ಕೇಳಿದರು:

"ನದಿಯಿಂದ ನಿಮ್ಮ ಬದುಕಿಗೆ ಆದ ಪ್ರಯೋಜನ?"

"ಗಂಡ ಕಾಲು ತೊಳೆದುಕೊಂಡೇ ಒಳಗೆ ಬರ್ತಾರೆ ಟೀಚರ್."

"ತೊಂದರೆ?"

"ಚಾಪೆ ಎಲ್ಲ ಬೂಸ್ಟು. ಮಗುವಿಗೆ ಕೆಮ್ಮು. ಇದನ್ನು ಒಮ್ಮೆ ನಿಲ್ಲಿಸ್ಲಿಕ್ಕೆ ಹೇಳಿ ಟೀಚರ್, ನೀವು ಕಲಿತವರು."

ಆ ರಾತ್ರಿ ಟೀಚರಿಗೆ ಅನ್ನ ಸೇರಲಿಲ್ಲ. ಆದರೂ 'ನೀರಿನ ಮಿತವ್ಯಯ' ಎಂಬ ಅಧ್ಯಾಯವನ್ನು ಬರೆದು ಮುಗಿಸಿದರು.

ಮರುವಾರ ಆಯಿಶತ್‌ಳ ಗೋಳು ತಾಳದೆ ಕಟ್ಟಡದ ಮಾಲಿಕ ಪ್ಲಂಬರ್ ಕೋಯನನ್ನು ಕಳಿಸಿದ. ಬಾಸಿತ್ ಮೆಟ್ಟಿಲಿಳಿದು ಓಡಿ ಬಂದರು. ನದಿಗೆ ತಡೆ ಹಾಕುವ ಮೊದಲು ಪರಿಸರ ಪರಿಣಾಮದ ಅಧ್ಯಯನ ಆಗಲೇಬೇಕೆಂದು ತಿಳಿಸಿದರು. ಈ ದೇಶದಲ್ಲಿ ಪ್ರತಿಭಟನೆಗೆ ಅವಕಾಶವಿಲ್ಲವಾದ್ದರಿಂದ, ಕೇಂದ್ರದ ವಿದ್ಯಾರ್ಥಿಗಳೆಲ್ಲ ಪೈಪಿನ ಸುತ್ತ ಸುಮ್ಮನೆ ಚಹಾ ಕುಡಿಯುತ್ತ ನಿಂತರು.

"ಯಲ್ಲಾ, ಬೇಗ ಹೇಳಿ. ಮುಚ್ಚಬೇಕಾ, ಬಿಡಬೇಕಾ?" ಎಂದ ಕೋಯ. "ನನಗೆ ಎರಡೂ ಒಂದೇ."

ಎಲ್ಲರೂ ಲಿಯೋನಾ ಟೀಚರನ್ನು ನೋಡಿದರು. ಬಾಗಿಲಲ್ಲಿ ಆಯಿಶತ್ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಟೀಚರ್ ಆ ಕಡೆ ನೋಡಲಿಲ್ಲ.

"ವೈವಾ ಮುಗಿಯುವವರೆಗೆ ಹರಿಯಲಿ ಕಾಕಾ," ಎಂದರು.

ವೈವಾಕ್ಕೆ ಊರಿನಿಂದ ಪ್ರೊಫೆಸರೊಬ್ಬರು ಬಂದರು. ಪ್ಯಾಂಟು ಮಡಚಿ ನದಿಗಿಳಿದರು. ನೀರು ಹಿಮ್ಮಡಿಗೆ ಬಂತು.

"ಉಪನದಿಗಳು?"

"ಮೂರು ಎಸಿಗಳ ನೀರು ಸೇರ್ತದೆ ಸರ್," ಎಂದರು ಬಾಸಿತ್.

"ಪ್ರವಾಹ?"

"ಶುಕ್ರವಾರ. ಎಲ್ಲ ಮನೆಯವರೂ ಕಾರು ತೊಳೀತಾರೆ."

ಒಳಗೆ ಮಗು ಕೆಮ್ಮಿತು. ಲಿಯೋನಾ ಟೀಚರಿಗೆ ತಡೆಯಲಾಗಲಿಲ್ಲ. "ಸರ್, ಕ್ಷಮಿಸಿ. ಇದು ನದಿಯಲ್ಲ. ಪೈಪ್ ಲೀಕು. ನನಗೆ ಮೊದಲಿಂದಲೂ ಗೊತ್ತಿತ್ತು."

ಎರಡು ವರ್ಷದ ಓದು, ಇಕಾಮಾ, ಕೆಲಸ ಎಲ್ಲ ಹೋಯಿತೆಂದು ಟೀಚರ್ ತಲೆತಗ್ಗಿಸಿ ನಿಂತರು. ಪ್ರೊಫೆಸರು ಮಾತ್ರ ತುಂಬ ಹೊತ್ತು ತಲೆದೂಗಿದರು.

"ಉಗಮದ ಬಗ್ಗೆ ಪರ್ಯಾಯ ಸಿದ್ಧಾಂತ," ಎಂದರು. "ಇಷ್ಟು ಧೈರ್ಯ ನಮ್ಮ ವಿದ್ಯಾರ್ಥಿಗಳಲ್ಲಿ ಕಾಣುವುದೇ ಇಲ್ಲ."

ಪ್ರಥಮ ದರ್ಜೆ ಬಂತು. ಇಕಾಮಾ ನವೀಕರಣವಾಯಿತು. ಸಂಬಳ ಹೆಚ್ಚಲಿಲ್ಲ, ಏಕೆಂದರೆ ಪದವಿ ಈಗ ಕನಿಷ್ಠ ಅರ್ಹತೆ.

ಫಲಿತಾಂಶ ಬಂದ ಸಂಜೆಯೇ ಟೀಚರ್ ತಾವಾಗಿ ಕೋಯನನ್ನು ಕರೆದುಕೊಂಡು ಗಲ್ಲಿಗೆ ಹೋದರು. ಮನಸ್ಸು ಹಗುರವಾಗಿತ್ತು. ಅಲ್ಲಿ ಮಾಲಿಕ 'ನದಿಗೆ ಮುಖ ಮಾಡಿದ ಮನೆಗಳು ಬಾಡಿಗೆಗೆ' ಎಂದು ಬೋರ್ಡು ಹಾಕಿಸುತ್ತಿದ್ದ. ಅವನನ್ನು ದಾಟಿ ಆಯಿಶತ್‌ಳ ಬಾಗಿಲು ಬಡಿದರು.

"ಬಾ ಆಯಿಶತ್, ನಿನ್ನೆದುರೇ ಮುಚ್ಚಿಸ್ತೇನೆ."

ಆಯಿಶತ್ ಗಾಬರಿಯಿಂದ ಹೊರಗೆ ಬಂದಳು. ಕೈಯಲ್ಲಿ ಮೊದಲ ಸೆಮಿಸ್ಟರಿನ ಪುಸ್ತಕವಿತ್ತು.

"ಅಯ್ಯೋ ಬೇಡ ಟೀಚರ್! ನದೀತೀರದ ಸಂತ್ರಸ್ತರ ಕೋಟಾದಲ್ಲಿ ಬಾಸಿತ್ ಸರ್ ನನಗೆ ಸೀಟು ಕೊಟ್ಟಿದ್ದಾರೆ. ಮಗುವನ್ನು ನಾದಿನಿ ಮನೆಯಲ್ಲಿ ಬಿಟ್ಟಿದ್ದೇನೆ. ನದಿ ನಿಂತರೆ ನಾನು ಸಂತ್ರಸ್ತೆ ಹೇಗೆ ಆಗುವುದು?"

ಟೀಚರ್ ಅವಳ ಕೈಯಲ್ಲಿದ್ದ ಪುಸ್ತಕದ ಹೆಸರು ಓದಿದರು.

"ಹರಿವು ಸ್ವಲ್ಪ ಕಡಿಮೆ ಆದ ಹಾಗೆ ಉಂಟು," ಎಂದಳು ಆಯಿಶತ್, ಕೋಯನ ಕಡೆ ತಿರುಗಿ. "ಒಮ್ಮೆ ನೋಡ್ತೀರಾ ಕಾಕಾ?"

ಕೋಯ ಗಲ್ಲಿಯ ತುದಿಗೆ ಹೋಗಿ ಪೈಪನ್ನು ಇನ್ನಷ್ಟು ಸಡಿಲಿಸಿದ. ಲಿಯೋನಾ ಟೀಚರ್ ಸೀರೆಯ ನೆರಿಗೆ ಎತ್ತಿ ಹಿಡಿದು, ಅವನಿಗೆ ಟಾರ್ಚು ತೋರಿಸಿದರು.